ಬಾನೆಟ್ ಎತ್ತಿ ನಿಂತ ಗಂಡಸರು

ಕಾರು ದಾರಿಯಲ್ಲಿ ಕೆಟ್ಟು ನಿಂತರೆ ಗಂಡಸರು ಮಾಡುವ ಮೊದಲ ಕೆಲಸ ಬಾನೆಟ್ ಎತ್ತುವುದು. ಎತ್ತಿ, ಕಂಬಿ ಆನಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡು ಒಳಗೆ ನೋಡುತ್ತಾರೆ. ಒಳಗೆ ಯಾವುದು ಏನು ಎಂಬುದು ಗೊತ್ತಿರಲೇಬೇಕೆಂದಿಲ್ಲ. ಈಗಿನ ಕಾರುಗಳಲ್ಲಂತೂ ಎಂಜಿನ್ನಿನ ಮೇಲೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಕೂತಿರುತ್ತದೆ. ಎಷ್ಟು ಹೊತ್ತು ನೋಡಿದರೂ ಕಾಣುವುದು ಆ ಮುಚ್ಚಳವೇ. ಆದರೂ ನೋಟ ಮುಗಿದ ಮೇಲೆ ಕೈ ಸುಮ್ಮನಿರುವುದಿಲ್ಲ. ಎಟಕಿದ ಒಂದೆರಡು ವೈರುಗಳನ್ನು ಅಲುಗಾಡಿಸಿ, ಬ್ಯಾಟರಿ ಟರ್ಮಿನಲ್ಲನ್ನು ಅಂಗೈಯಲ್ಲಿ ಒತ್ತಿ, ಆಯಿಲ್ ಕಡ್ಡಿಯನ್ನು ಎಳೆದು ಒರೆಸಿ ಮತ್ತೆ ತೂರಿಸಿ, ಸ್ಟಿಯರಿಂಗ್ ಹಿಂದೆ ಕೂತವರಿಗೆ "ಈಗೊಂದ್ಸಲ ಸೆಲ್ಫ್ ಹೊಡಿ" ಎಂದು ಕೂಗುತ್ತಾರೆ. ಎಂಜಿನ್ ಹತ್ತಿದರೆ ಕೀರ್ತಿ ಆ ಕೈಗೆ, ಹತ್ತದಿದ್ದರೆ ಪೆಟ್ರೋಲು ಬಂಕಿನವನಿಗೆ.

ಮೇಲುನೋಟಕ್ಕೆ ಇದು ನಗೆಪಾಟಲಿನ ನಡವಳಿಕೆ. ಆದರೆ ಇದರ ಬೇರು ಹುಡುಕಿ ಹೋದರೆ ಸಿಗುವುದು ದಡ್ಡತನವಲ್ಲ, ಹಳೆಯ ಯಂತ್ರ. ಬಾನೆಟ್ ಎತ್ತಿ ಕೈಯಾಡಿಸಿದರೆ ಕಾರು ನಿಜಕ್ಕೂ ಹೊರಡುತ್ತಿದ್ದ ಕಾಲವೊಂದಿತ್ತು. ಯಂತ್ರ ಬದಲಾಯಿತು, ಕೈಯ ಅಭ್ಯಾಸ ಬದಲಾಗಲಿಲ್ಲ. ಕಾರು ಕೆಟ್ಟಾಗ ಗಂಡಸರು ತೋರುವ ಬಹುಪಾಲು ವಿಚಿತ್ರಗಳಿಗೆ ಇದೇ ಮೂಲ.

ಪೆಟ್ರೋಲ್ ಎಂಜಿನ್ ನಡೆಯಲು ಬೇಕಾದದ್ದು ಮೂರು: ಗಾಳಿಯೊಡನೆ ಹದವಾಗಿ ಬೆರೆತ ಪೆಟ್ರೋಲು, ಅದನ್ನು ಒತ್ತಿ ಹಿಡಿಯುವ ಸಿಲಿಂಡರು, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ನಮ್ಮ ರಸ್ತೆಗಳನ್ನು ದಶಕಗಳ ಕಾಲ ಆಳಿದ ಅಂಬಾಸಿಡರ್ ಮತ್ತು ಪ್ರೀಮಿಯರ್ ಪದ್ಮಿನಿಗಳಲ್ಲಿ ಈ ಮೂರೂ ಕಣ್ಣಿಗೆ ಕಾಣುವ, ಕೈಗೆ ಸಿಗುವ ಜಾಗದಲ್ಲೇ ನಡೆಯುತ್ತಿದ್ದವು. ಅಂಬಾಸಿಡರ್ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಮರುಹುಟ್ಟು, ಪದ್ಮಿನಿ ಇಟಲಿಯ ಫಿಯೆಟ್ 1100ರ ಮರುಹುಟ್ಟು. ಎರಡರಲ್ಲೂ ಪೆಟ್ರೋಲು ಬೆರೆಸುವುದು ಕಾರ್ಬೊರೇಟರಿನ ಕೆಲಸ, ಕಿಡಿಯ ಕಾಲ ನಿರ್ಧರಿಸುವುದು ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳ ಕೆಲಸ. ಕಾರ್ಬೊರೇಟರಿನ ಜೆಟ್ಟಿನಲ್ಲಿರುವುದು ಸೂಜಿಮೊನೆ ಗಾತ್ರದ ತೂತು. ಟ್ಯಾಂಕಿನ ತಳದ ಕಸ ಒಂದು ಚೂರು ಬಂದು ಕೂತರೆ ಗಾಡಿ ಮಿಸ್ಸಿಂಗ್ ಹೊಡೆಯಲು ಶುರು. ಆಗ ಜೆಟ್ ಬಿಚ್ಚಿ, ಬಾಯಲ್ಲಿಟ್ಟು ಊದಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿ, ಮತ್ತೆ ಕೂರಿಸಿದರೆ ಸರಿಹೋಗುತ್ತಿತ್ತು. ಪಾಯಿಂಟುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗಿಂತ ಕಡಿಮೆ. ಕಿಡಿ ಹಾರಿ ಹಾರಿ ಅವುಗಳ ಮುಖ ಕಪ್ಪಾಗುತ್ತಿತ್ತು. ಉಪ್ಪುಕಾಗದವಿಲ್ಲದ ಕಡೆ ಬೆಂಕಿಪೊಟ್ಟಣದ ಪಕ್ಕದಿಂದ ಉಜ್ಜಿ, ಜೇಬಿನ ವಿಸಿಟಿಂಗ್ ಕಾರ್ಡನ್ನು ಸಂದಿಗೆ ತೂರಿಸಿ ಅಳತೆ ನೋಡಿ ಸ್ಕ್ರೂ ಬಿಗಿಯುವವರು ಪ್ರತಿ ಬೀದಿಯಲ್ಲೂ ಇದ್ದರು. ಬ್ಯಾಂಕ್ ಗುಮಾಸ್ತರು, ಮೇಷ್ಟ್ರು, ವಕೀಲರು ಎಲ್ಲರೂ ಸ್ವಲ್ಪ ಮಟ್ಟಿಗೆ ಮೆಕ್ಯಾನಿಕ್ಕುಗಳೇ, ಬೇರೆ ದಾರಿಯಿರಲಿಲ್ಲ. ಡಿಕ್ಕಿಯಲ್ಲಿ ಹಳೆಯ ಫ್ಯಾನ್ ಬೆಲ್ಟು, ಒಂದು ಜೊತೆ ಪ್ಲಗ್ಗು, ಪ್ಲಗ್ ಪಾನ, ತುಂಡು ವೈರು, ನೀರಿನ ಕ್ಯಾನು ಮತ್ತು ಒಂದು ಬಟ್ಟೆ ಸೋಪು ಇರುತ್ತಿತ್ತು. ಸೋಪು ಕೈ ತೊಳೆಯಲಿಕ್ಕಲ್ಲ. ಕಲ್ಲು ತಗುಲಿ ಪೆಟ್ರೋಲ್ ಟ್ಯಾಂಕು ಸೋರಿದರೆ ಆ ಜಾಗಕ್ಕೆ ಸೋಪು ತಿಕ್ಕಿದರೆ ಸಾಕು. ಸೋಪು ಪೆಟ್ರೋಲಿನಲ್ಲಿ ಕರಗದು, ಊರು ಮುಟ್ಟುವವರೆಗೆ ಸೋರಿಕೆ ನಿಲ್ಲುತ್ತದೆ.

ಸೆಲ್ಫ್ ಕೈಕೊಟ್ಟಾಗ ಅಂಬಾಸಿಡರಿಗೆ ಹ್ಯಾಂಡಲ್ ಹಾಕಿ ತಿರುವುವ ಪದ್ಧತಿಯೂ ಇತ್ತು. ಅದರಲ್ಲೊಂದು ಗುಟ್ಟು. ಹ್ಯಾಂಡಲನ್ನು ಮುಷ್ಟಿ ಕಟ್ಟಿ ಹಿಡಿಯಬಾರದು; ಹೆಬ್ಬೆರಳನ್ನೂ ಉಳಿದ ನಾಲ್ಕು ಬೆರಳುಗಳ ಕಡೆಗೇ ಇಟ್ಟು, ಕೆಳಗಿನಿಂದ ಮೇಲಕ್ಕೆ ಎಳೆಯಬೇಕು. ಕಿಡಿ ಅವಧಿಗೆ ಮುನ್ನ ಹತ್ತಿ ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಆಗ ತಾನೇ ಕೈಯಿಂದ ಜಾರಿಕೊಳ್ಳುತ್ತದೆ. ಮುಷ್ಟಿ ಕಟ್ಟಿದವರ ಹೆಬ್ಬೆರಳು ಅಥವಾ ಮಣಿಕಟ್ಟು ಮುರಿಯುತ್ತದೆ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂದದ್ದು ಈ ಅಪಾಯ ತಪ್ಪಿಸಲೆಂದೇ. ಇಂಥ ಗುಟ್ಟುಗಳು ಪುಸ್ತಕದಿಂದ ಬಂದವಲ್ಲ. ಅಪ್ಪ ಕಾರಿನಡಿ ಮಲಗಿ ಕೆಲಸ ಮಾಡುವಾಗ ಟಾರ್ಚ್ ಹಿಡಿದು ನಿಂತ ಮಗನಿಗೆ, "ಅಲ್ಲಲ್ವೋ, ಇಲ್ಲಿ ಹಿಡಿ" ಎಂಬ ಬೈಗುಳದ ಜೊತೆಗೆ ಬಂದವು. ಮಗಳನ್ನು ಟಾರ್ಚ್ ಹಿಡಿಯಲು ಕರೆಯುತ್ತಿದ್ದ ಮನೆಗಳು ಕಡಿಮೆ. ಕಾರು ಕೆಟ್ಟಾಗಿನ ವಿಚಿತ್ರಗಳು ಗಂಡಸರ ಪಾಲಿಗೇ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಯಂತ್ರ ಹೆಣ್ಣಿಗೆ ಒಗ್ಗದು ಎಂಬ ಮಾತನ್ನಂತೂ ಕಾರಿನ ಚರಿತ್ರೆಯ ಮೊದಲ ಪುಟವೇ ಅಲ್ಲಗಳೆಯುತ್ತದೆ. 1888ರ ಆಗಸ್ಟಿನಲ್ಲಿ ಜರ್ಮನಿಯ ಬೆರ್ಥಾ ಬೆಂಜ್ ತನ್ನ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡ ಕಾರ್ಲ್ ಬೆಂಜ್ ತಯಾರಿಸಿದ ಮೂರು ಚಕ್ರದ ಗಾಡಿಯಲ್ಲಿ, ಅವನಿಗೆ ಹೇಳದೆ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಮಿಕ್ಕಿದ್ದು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ವೈರಿನ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಚರ್ಮ ಹೊಡೆಸಿದಳು. ಇಂಧನ ಮುಗಿಯುತ್ತ ಬಂದಾಗ ವೀಸ್‌ಲೋಖ್ ಊರಿನ ಔಷಧದ ಅಂಗಡಿಯಲ್ಲಿ ಕಲೆ ತೆಗೆಯುವ ದ್ರಾವಣ ಕೊಂಡು ಸುರಿದಳು. ದೂರದ ಹಾದಿಯಲ್ಲಿ ಕಾರು ಕೆಟ್ಟ ಮೊದಲ ದಾಖಲೆ ಇದು, ರಿಪೇರಿ ಮಾಡಿದವಳು ಹೆಂಗಸು. ಇಂಗ್ಲೆಂಡಿನ ರೇಸ್ ಚಾಲಕಿ ಡೊರೊಥಿ ಲೆವಿಟ್ 1909ರಲ್ಲಿ ಹೆಂಗಸರಿಗಾಗಿಯೇ ಕಾರಿನ ಕೈಪಿಡಿ ಬರೆದು, ಹಿಂದಿನ ಗಾಡಿಗಳನ್ನು ಕಾಣಲು ಕೈಗನ್ನಡಿ ಇಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದಳು. ಹಿಂಬದಿ ಕನ್ನಡಿ ಆಗಿನ್ನೂ ಕಾರಿನ ಭಾಗವಾಗಿರಲಿಲ್ಲ.

ಕೈಯಾಡಿಸಿದರೆ ಸರಿಹೋಗುವ ಕಾಲ ನಮ್ಮಲ್ಲಿ ಮುಗಿಯತೊಡಗಿದ್ದು 2000ರ ಆಸುಪಾಸಿನಲ್ಲಿ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಮೊದಲಿಗೆ ಕಾರ್ಬೊರೇಟರಿನ ಕಾರೇ. ಹೊಗೆಯ ನಿಯಮಗಳು ಬಿಗಿಯಾದಂತೆ ಕಾರ್ಬೊರೇಟರಿನ ಜಾಗಕ್ಕೆ ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಅಳೆದು ಪೆಟ್ರೋಲು ಚಿಮುಕಿಸುವ ವ್ಯವಸ್ಥೆ ಬಂತು. ಪಾಯಿಂಟುಗಳು ಹೋದವು, ಚೋಕ್ ಎಳೆಯುವ ಗುಬುಟು ಹೋಯಿತು; ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂಬುದನ್ನೆಲ್ಲ ಒಂದು ಸಣ್ಣ ಕಂಪ್ಯೂಟರು ನಿರ್ಧರಿಸತೊಡಗಿತು. ಈಗ ವೈರು ಅಲುಗಾಡಿಸಿದರೆ ಅದು ಸರಿಹೋಗುವುದಕ್ಕಿಂತ ಕ್ಲಿಪ್ಪು ಮುರಿಯುವ ಸಂಭವವೇ ಹೆಚ್ಚು.

ಹಳೆಯ ಕಾಲು ಹೊಸ ಕಾರಿನಲ್ಲಿ ಹೇಗೆ ಎಡವುತ್ತದೆ ಎಂಬುದಕ್ಕೆ ಆಕ್ಸಿಲರೇಟರ್ ತುಳಿತ ಒಳ್ಳೆಯ ನಿದರ್ಶನ. ಸ್ಟಾರ್ಟ್ ಮಾಡುವ ಮುನ್ನ ಎರಡು ಮೂರು ಸಲ ಪೆಡಲ್ ತುಳಿಯುವುದು ಹಿಂದೆ ಸರಿಯಾದ ಕ್ರಮ. ಕಾರ್ಬೊರೇಟರಿನಲ್ಲಿ ಅದಕ್ಕೆಂದೇ ಒಂದು ಪುಟ್ಟ ಪಂಪಿತ್ತು, ಪ್ರತಿ ತುಳಿತಕ್ಕೂ ಒಂದಿಷ್ಟು ಪೆಟ್ರೋಲು ಒಳಗೆ ಚಿಮ್ಮುತ್ತಿತ್ತು. ಎಂಪಿಎಫ್‌ಐ ಕಾರಿನಲ್ಲಿ ಹಾಗೆ ತುಳಿದರೆ ಏನೂ ಆಗುವುದಿಲ್ಲ. ಬಹಳಷ್ಟು ಕಾರುಗಳಲ್ಲಿ ಪೆಡಲನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ, ಒಳಗೆ ಪೆಟ್ರೋಲು ಹೆಚ್ಚಾಗಿದೆಯೆಂದು ಕಂಪ್ಯೂಟರು ಅರ್ಥ ಮಾಡಿಕೊಂಡು ಪೆಟ್ರೋಲನ್ನೇ ನಿಲ್ಲಿಸುತ್ತದೆ. ಸ್ಟಾರ್ಟ್ ಆಗಲಿ ಎಂದು ಬಲವಾಗಿ ತುಳಿದಷ್ಟೂ ಸ್ಟಾರ್ಟ್ ಆಗದಂತೆ ಅಪ್ಪಣೆ ಕೊಟ್ಟಂತೆ!

ಹಠದಿಂದ ಮತ್ತೆ ಮತ್ತೆ ಕೀ ತಿರುಗಿಸುವುದು ಇನ್ನೊಂದು ಚಾಳಿ. ಸ್ಟಾರ್ಟರ್ ಮೋಟಾರು ತಿರುಗುವಾಗ ನೂರು ಆಂಪಿಯರಿಗೂ ಹೆಚ್ಚು ಕರೆಂಟು ಎಳೆಯುತ್ತದೆ. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಅದನ್ನು ಕೆಲವು ಸೆಕೆಂಡು ತಾಳುತ್ತದೆ, ನಡುವೆ ಬಿಡುವು ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಬಿಡದೆ ತಿರುವಿದರೆ ಮೊದಲು ದೀಪ ಮಂಕಾಗಿ, ಆಮೇಲೆ 'ಕಟಕಟ' ಎಂಬ ಸದ್ದಷ್ಟೇ ಉಳಿಯುತ್ತದೆ. ಬೇರೇನೋ ಸಣ್ಣ ಕಾರಣಕ್ಕೆ ನಿಂತ ಕಾರಿಗೆ ಈಗ ಬ್ಯಾಟರಿ ಇಳಿದ ಕಾರಣವೂ ಸೇರಿತು. ಆದರೆ 'ಕಟಕಟ'ಕ್ಕೆ ಗಂಡಸರಲ್ಲಿ ಚಾಲ್ತಿಯಿರುವ ಒಂದು ಮದ್ದು ಮಾತ್ರ ಪೊಳ್ಳಲ್ಲ. ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಸ್ಟಾರ್ಟರ್ ಮೋಟಾರಿನ ಮೈಗೆ ವೀಲ್ ಸ್ಪ್ಯಾನರಿನಿಂದ ಹಗುರವಾಗಿ ತಟ್ಟುವುದು. ಒಳಗಿನ ಕಾರ್ಬನ್ ಬ್ರಷ್ ಸವೆದು ಸಂಪರ್ಕ ತಪ್ಪಿದ್ದರೆ ಆ ಪೆಟ್ಟಿಗೆ ಮತ್ತೆ ಕೂಡಿಕೊಂಡು ಮೋಟಾರು ತಿರುಗುತ್ತದೆ. ಕೆಲವು ಸಲ ಮಾತ್ರ. ಒಮ್ಮೆ ಗೆದ್ದವರು ಮಾರನೇ ದಿನ ಗ್ಯಾರೇಜಿಗೆ ಹೋಗುವುದಿಲ್ಲ. ಸ್ಪ್ಯಾನರನ್ನು ಸೀಟಿನಡಿಗೆ ಸಾಗಿಸಿ ತಿಂಗಳುಗಟ್ಟಲೆ ತಟ್ಟುತ್ತಲೇ ಓಡಿಸುತ್ತಾರೆ.

ಒಮ್ಮೆ ಫಲ ಕೊಟ್ಟದ್ದನ್ನು ಬಿಡದಿರುವುದು ಮನುಷ್ಯರ ಸ್ವಭಾವವಷ್ಟೇ ಅಲ್ಲ. ಅಮೆರಿಕದ ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ 1948ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸಿದ ಪಾರಿವಾಳಗಳಿಗೆ ಅವು ಏನು ಮಾಡಿದರೂ ಮಾಡದಿದ್ದರೂ ನಿಗದಿತ ಹೊತ್ತಿಗೊಮ್ಮೆ ಕಾಳು ಸಿಗುವಂತೆ ಏರ್ಪಾಡಾಗಿತ್ತು. ಸ್ವಲ್ಪ ಕಾಲದಲ್ಲೇ ಒಂದು ಹಕ್ಕಿ ಗೂಡಿನೊಳಗೆ ಸುತ್ತು ಹೊಡೆಯತೊಡಗಿತು, ಇನ್ನೊಂದು ಮೂಲೆಗೆ ತಲೆ ಚಾಚತೊಡಗಿತು. ಕಾಳು ಬಂದ ಗಳಿಗೆಯಲ್ಲಿ ತಾನು ಏನು ಮಾಡುತ್ತಿತ್ತೋ ಅದರಿಂದಲೇ ಕಾಳು ಬಂತೆಂದು ಹಕ್ಕಿ ನಂಬಿದಂತಿತ್ತು. ಈ ವಿವರಣೆಯನ್ನು ಮುಂದಿನ ಸಂಶೋಧಕರು ಪ್ರಶ್ನಿಸಿದ್ದೂ ಉಂಟು. ಕಾರಿನ ವಿಷಯಕ್ಕೆ ಮಾತ್ರ ಅದು ಚೆನ್ನಾಗಿ ಹೊಂದುತ್ತದೆ. ಬಿಸಿಲಿನಲ್ಲಿ ನಿಂತುಹೋದ ಹಳೆಯ ಕಾರು ಎಷ್ಟೋ ಸಲ ಯಾರೂ ಏನೂ ಮಾಡದೆ ಹೊರಡುತ್ತಿತ್ತು. ಪೈಪಿನೊಳಗೆ ಪೆಟ್ರೋಲು ಕಾದು ಆವಿಯಾಗಿ ಪಂಪು ಎಳೆಯಲಾರದೆ ನಿಂತಿರುತ್ತಿತ್ತು. ಇಪ್ಪತ್ತು ನಿಮಿಷ ತಣಿದರೆ ಆವಿ ಮತ್ತೆ ಪೆಟ್ರೋಲಾಗುತ್ತಿತ್ತು. ಆ ಇಪ್ಪತ್ತು ನಿಮಿಷದಲ್ಲಿ ಪ್ಲಗ್ ಉಜ್ಜಿದವರು ಪ್ಲಗ್ಗಿನಿಂದ ಸರಿಹೋಯಿತೆಂದರು, ದೇವರ ಪಟಕ್ಕೆ ಕೈಮುಗಿದವರು ದೇವರಿಂದ ಎಂದರು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದವರು ಬಟ್ಟೆಯಿಂದ ಎಂದರು. ಮೂವರಲ್ಲಿ ನಿಜ ಹೇಳಿದವರು ಬಟ್ಟೆಯವರು.

ಎಂಜಿನ್ ಕಾಯುವ ಪ್ರಕರಣಕ್ಕೆ ಬಂದರೆ ನಗು ಕಡಿಮೆ, ಗಾಯ ಹೆಚ್ಚು. ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿಗಳ ತಿರುವುಗಳಲ್ಲಿ ಬಾನೆಟ್ ತೆರೆದು ಹಬೆಯಾಡುತ್ತ ನಿಂತ ಕಾರುಗಳು ಒಂದು ಕಾಲಕ್ಕೆ ಅಲ್ಲಿನ ದೃಶ್ಯದ ಭಾಗವೇ ಆಗಿದ್ದವು. ಏರು ಹತ್ತುವಾಗ ಎಂಜಿನ್ನಿಗೆ ಭಾರ ಹೆಚ್ಚು, ಓಟ ಕಡಿಮೆ. ರೇಡಿಯೇಟರಿಗೆ ಬಡಿಯುವ ಗಾಳಿಯೂ ಕಡಿಮೆ. ಹಬೆ ಕಂಡ ಕೂಡಲೇ ಗಂಡಸರ ಕೈ ಹೋಗುವುದು ರೇಡಿಯೇಟರಿನ ಮುಚ್ಚಳಕ್ಕೆ. ಆ ಮುಚ್ಚಳ ಬರಿಯ ಮುಚ್ಚಳವಲ್ಲ, ಒಳಗಿನ ನೀರನ್ನು ಸುಮಾರು ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡದಲ್ಲಿ ಹಿಡಿದಿಡುವ ಸಾಧನ. ಆ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯುವುದಿಲ್ಲ, 120ರ ಹತ್ತಿರದವರೆಗೂ ನೀರಾಗಿಯೇ ಇರುತ್ತದೆ. ಮುಚ್ಚಳ ತಿರುಗಿಸಿದ ಗಳಿಗೆಯಲ್ಲಿ ಒತ್ತಡ ಇಳಿದು, ಅಷ್ಟು ಬಿಸಿ ನೀರಿನ ಒಂದು ಪಾಲು ಒಮ್ಮೆಗೇ ಹಬೆಯಾಗಿ ಉಳಿದ ನೀರನ್ನು ಮೇಲಕ್ಕೆ ಎರಚುತ್ತದೆ. ಟವೆಲ್ ಸುತ್ತಿ, ಮುಖ ಅತ್ತ ತಿರುಗಿಸಿ, ಕೈ ಮಾತ್ರ ಚಾಚಿ ತೆಗೆಯುವುದು ಶೌರ್ಯದ ಭಂಗಿಯೇ ಹೊರತು ರಕ್ಷಣೆಯಲ್ಲ. ಅರ್ಧ ಗಂಟೆಯಾದರೂ ಕಾಯಬೇಕು. ಅದೇ ಕಷ್ಟದ ಕೆಲಸ.

ಮುಂದಿನ ತಪ್ಪು ಕಾದ ಎಂಜಿನ್ನಿಗೆ ಹಳ್ಳದ ತಣ್ಣೀರು ಸುರಿಯುವುದು. ಬೀಡು ಒಮ್ಮೆಗೇ ಕುಗ್ಗಿ ಬಿರುಕು ಬಿಡಬಹುದು, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಬಹುದು. ರೇಡಿಯೇಟರ್ ತೊಟ್ಟಿಕ್ಕುತ್ತಿದ್ದರೆ ಅರಿಸಿನ ಪುಡಿ ಹಾಕುವುದು, ಕೋಳಿಮೊಟ್ಟೆಯ ಬಿಳಿ ಹಾಕುವುದು ಹಳೆಯ ಉಪಾಯಗಳು. ಸಣ್ಣ ತೂತಿಗೆ ಅವು ಸಿಕ್ಕಿಹಾಕಿಕೊಂಡು ಸೋರಿಕೆ ನಿಲ್ಲುವುದುಂಟು, ಜೊತೆಗೆ ರೇಡಿಯೇಟರಿನ ಒಳನಾಳಗಳೂ ಕಟ್ಟಿಕೊಳ್ಳುವುದುಂಟು. ಆಪತ್ತಿಗೆ ನಿಜವಾಗಿ ಒದಗುವ ಉಪಾಯ ಇನ್ನೊಂದಿದೆ: ಏಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸುವುದು. ಕಾರಿನ ಹೀಟರೂ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಕಾವಿನ ಒಂದಂಶವನ್ನು ಅದು ಒಳಕ್ಕೆ ಎಳೆದುಕೊಳ್ಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಹೀಟರ್ ಹಾಕುವುದೆಂದರೆ ಗಂಡಸರು ಒಪ್ಪುವುದಿಲ್ಲ. ಬೆವರುವುದಕ್ಕಲ್ಲ, ಒಳಗೆ ಕೂತ ಮನೆಮಂದಿ ತಲೆಕೆಟ್ಟಿದೆ ಎಂದಾರು ಎಂಬ ಅಂಜಿಕೆಗೆ.

ಟೈರಿಗೆ ಒದೆಯುವ ಅಭ್ಯಾಸಕ್ಕೆ ಕುಲಮೂಲ ಲಾರಿಗಳದ್ದು. ಲಾರಿಯ ಹಿಂದಿನ ಅಚ್ಚಿನಲ್ಲಿ ಚಕ್ರಗಳು ಜೋಡಿಯಾಗಿರುತ್ತವೆ. ಒಳಗಿನ ಟೈರಿನ ಗಾಳಿ ಹೋದರೂ ಹೊರಗಿನದು ಭಾರ ಹೊತ್ತಿರುವುದರಿಂದ ಕಣ್ಣಿಗೆ ಕಾಣದು. ಅದಕ್ಕೇ ಕ್ಲೀನರ್ ಹುಡುಗ ಜಾಕಿ ರಾಡಿನಿಂದ ಒಂದೊಂದನ್ನೂ ಬಡಿದು ಸದ್ದು ಕೇಳುತ್ತಾನೆ. ಗಾಳಿ ತುಂಬಿದ್ದರೆ ರಾಡು ಪುಟಿದು ಗಡುಸಾದ ಸದ್ದು, ಇಲ್ಲದಿದ್ದರೆ ಮಂದವಾದ ಸದ್ದು. ಅದು ಪರೀಕ್ಷೆ. ಕಾರಿನ ರೇಡಿಯಲ್ ಟೈರಿಗೆ ಶೂ ಕಾಲಿನಿಂದ ಕೊಡುವ ಒದೆತದಿಂದ ಏನೂ ತಿಳಿಯುವುದಿಲ್ಲ. ಗಾಳಿ 30 ಪಿಎಸ್‌ಐ ಇದ್ದರೂ 20 ಇದ್ದರೂ ಕಾಲಿಗೆ ಒಂದೇ. ಆದರೂ ಹಳೇ ಕಾರು ಕೊಳ್ಳಲು ಹೋದವರು ಮೊದಲು ಟೈರಿಗೆ ಒದ್ದು, ಆಮೇಲೆ ಬೆಲೆ ಕೇಳುತ್ತಾರೆ.

ಕಾರು ನಡುರಸ್ತೆಯಲ್ಲಿ ನಿಂತಾಗ ಅದರ ಹಿಂದೆ ಸೊಪ್ಪಿನ ಟೊಂಗೆ ಮುರಿದು ಹಾಕಿ, ನಾಲ್ಕು ಕಲ್ಲಿಡುವುದು ನಮ್ಮ ಹೆದ್ದಾರಿಗಳ ರೂಢಿ. ಕಾರಿನ ಜೊತೆಗೇ ಬಂದ ಕೆಂಪು ತ್ರಿಕೋನ ಡಿಕ್ಕಿಯಲ್ಲಿ ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಮಲಗಿರುತ್ತದೆ. ಗಾಡಿ ಸರಿಹೋದಾಗ ಹೊರಡುವ ಸಂಭ್ರಮದಲ್ಲಿ ಕಲ್ಲುಗಳು ಅಲ್ಲೇ ಉಳಿಯುತ್ತವೆ. ರಾತ್ರಿ ಬರುವ ಮೋಟಾರ್ ಸೈಕಲ್ ಸವಾರರ ಪಾಲಿಗೆ ಕೆಟ್ಟು ನಿಂತ ಕಾರಿಗಿಂತ ಅವೇ ಹೆಚ್ಚು ಅಪಾಯ.

ನಿಂತ ಕಾರಿನ ಸುತ್ತ ಜನ ಸೇರುವುದು ತಡವಾಗುವುದಿಲ್ಲ. ಸೇರಿದ ಗಂಡಸರಲ್ಲಿ ಪ್ರತಿಯೊಬ್ಬರಿಗೂ ಒಂದು ಕಾರಣ ಗೊತ್ತಿರುತ್ತದೆ, ಇಬ್ಬರು ಹೇಳುವ ಕಾರಣ ಒಂದೇ ಇರುವುದಿಲ್ಲ. "ಏರ್ ಹಿಡಿದಿದೆ ಸಾರ್", "ಕಾಯಿಲ್ ಹೋಗಿರ್ಬೇಕು", "ಈ ಮಾಡೆಲ್ಲೇ ಹಂಗೆ, ನಮ್ಮ ಭಾವಂದೂ ಇದೇ ಕತೆ." ಕೊನೆಗೆ ಎಲ್ಲರೂ ಒಮ್ಮತಕ್ಕೆ ಬರುವುದು ತಳ್ಳುವ ವಿಷಯದಲ್ಲಿ. "ಸೆಕೆಂಡ್ ಗೇರಲ್ಲಿ ಇಟ್ಕೊಳಿ ಸಾರ್, ಹೇಳಿದಾಗ ಕ್ಲಚ್ ಬಿಡಿ." ಈ ಸಲಹೆ ಸರಿಯೇ. ಮೊದಲ ಗೇರಿನಲ್ಲಾದರೆ ಚಕ್ರ ತಡೆದು ನಿಲ್ಲುತ್ತದೆ. ಎರಡರಲ್ಲಿ ಓಟ ಎಂಜಿನ್ನಿಗೆ ಸಲೀಸಾಗಿ ದಾಟುತ್ತದೆ. ಆದರೆ ತಳ್ಳಾಟ ಈಗ ಎಲ್ಲ ಕಾರಿಗೂ ಹೊಂದದು. ಆಟೊಮ್ಯಾಟಿಕ್ ಗೇರಿನ ಸಾಮಾನ್ಯ ಕಾರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಇರುವುದು ಎಣ್ಣೆಯ ಕೊಂಡಿ, ಆ ಎಣ್ಣೆಗೆ ಒತ್ತಡ ಕೊಡುವ ಪಂಪನ್ನು ತಿರುಗಿಸುವುದು ಎಂಜಿನ್ನೇ. ಎಂಜಿನ್ ನಿಂತಿದ್ದರೆ ಊರೆಲ್ಲ ಸೇರಿ ತಳ್ಳಿದರೂ ಕೊಂಡಿ ಕೂಡದು. ಮ್ಯಾನುಯಲ್ ಕಾರಿನಲ್ಲೂ ಬ್ಯಾಟರಿ ಪೂರ್ತಿ ಸತ್ತಿದ್ದರೆ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಕರೆಂಟಿಲ್ಲ, ತಳ್ಳಿ ಫಲವಿಲ್ಲ. ಹತ್ತದ ಎಂಜಿನ್ನನ್ನು ಎಳೆದಾಡಿದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಹಾದಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ದುಬಾರಿಯಾದ ಆ ಭಾಗವನ್ನೇ ಹಾಳುಮಾಡಬಹುದು. ತಳ್ಳಿದವರಿಗೆ ಟೀ ಕುಡಿಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ಮುನ್ಸೂಚನೆಗಳ ಬಗ್ಗೆ ಗಂಡಸರದ್ದು ವಿಚಿತ್ರ ಉದಾರತೆ. ಪೆಟ್ರೋಲಿನ ದೀಪ ಹತ್ತಿದ ಮೇಲೂ "ಇನ್ನೂ ನಲವತ್ತು ಕಿಲೋಮೀಟರ್ ಬರುತ್ತೆ" ಎಂಬ ಭರವಸೆ. ಈಗಿನ ಪಂಪು ಟ್ಯಾಂಕಿನೊಳಗೇ ಮುಳುಗಿರುವಂಥದ್ದು, ಅದನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ; ತಳ ಕಾಣುವವರೆಗೆ ಓಡಿಸುವ ಅಭ್ಯಾಸ ಪಂಪಿನ ಆಯಸ್ಸನ್ನು ತಿನ್ನುತ್ತದೆ. ಕಾರಿನಿಂದ ಹೊಸ ಸದ್ದೊಂದು ಬರತೊಡಗಿದರೆ ಮೊದಲ ಚಿಕಿತ್ಸೆ ಹಾಡಿನ ವಾಲ್ಯೂಮು ಏರಿಸುವುದು. ಪಕ್ಕದಲ್ಲಿ ಕೂತವರು "ಏನೋ ಸದ್ದು ಬರ್ತಿದೆ ಅಲ್ವಾ?" ಎಂದರೆ "ರೋಡು ಸರಿ ಇಲ್ಲ" ಎಂಬ ಉತ್ತರ. ಸದ್ದು ವಾಲ್ಯೂಮನ್ನು ಮೀರಿದ ಮೇಲಷ್ಟೇ ಗ್ಯಾರೇಜು.

ಗ್ಯಾರೇಜಿನಲ್ಲಿ ಆ ಸದ್ದನ್ನು ಬಾಯಿಂದ ಮಾಡಿ ತೋರಿಸಬೇಕಾಗುತ್ತದೆ. ಗಂಭೀರ ವೃತ್ತಿಯ, ತಲೆ ನರೆತ ಗಂಡಸರು ಗ್ರೀಸು ಮೆತ್ತಿದ ನೆಲದ ಮೇಲೆ ನಿಂತು 'ಟಕಟಕಟಕ', 'ಗುರ್‌ರ್' ಎನ್ನುವುದು ಲೋಕದ ಎಲ್ಲ ಗ್ಯಾರೇಜುಗಳಿಗೂ ಸಾಮಾನ್ಯ. ಅಮೆರಿಕದ ಬಾನುಲಿಯಲ್ಲಿ ಇದರ ಮೇಲೆ ಒಂದು ಕಾರ್ಯಕ್ರಮವೇ ನಡೆಯಿತು. ಟಾಮ್ ಮತ್ತು ರೇ ಮಾಗ್ಲಿಯೊಜಿ ಎಂಬ ಅಣ್ಣತಮ್ಮಂದಿರ 'ಕಾರ್ ಟಾಕ್' 1977ರಲ್ಲಿ ಬಾಸ್ಟನ್ನಿನ ಒಂದು ಸ್ಥಳೀಯ ನಿಲಯದಲ್ಲಿ ಶುರುವಾಗಿ, 1987ರಿಂದ 2012ರವರೆಗೆ ದೇಶಕ್ಕೆಲ್ಲ ಹೊಸ ಕಂತುಗಳನ್ನು ಕೊಟ್ಟಿತು. ಇಬ್ಬರೂ ಎಂಐಟಿಯ ಪದವೀಧರರು, ಗ್ಯಾರೇಜು ನಡೆಸಿದವರು. ಕೇಳುಗರು ಫೋನಿನಲ್ಲಿ ಕಾರಿನ ಸದ್ದನ್ನು ಅನುಕರಿಸಿ ತೋರಿಸುತ್ತಿದ್ದರು, ಇವರು ಮನಸಾರೆ ನಕ್ಕು ಕಾರಣ ಹೇಳುತ್ತಿದ್ದರು. ಅನುಕರಣೆ ನಗು ತರಿಸಿದರೂ ನಿರುಪಯೋಗಿಯಲ್ಲ. ಎಂಜಿನ್ನಿನ ವೇಗದ ಜೊತೆ ಏರುವ 'ಟಕಟಕ' ಟಾಪೆಟ್ಟಿನದು ಅಥವಾ ಆಯಿಲ್ ಕಡಿಮೆಯಾದದ್ದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗಿನ 'ಕಟ್‌ಕಟ್' ಚಕ್ರದ ಬದಿಯ ಆಕ್ಸಲ್ ಜಾಯಿಂಟಿನದು. ವೇಗದ ಜೊತೆ ಏರುವ 'ಹೂಂ' ವೀಲ್ ಬೇರಿಂಗಿನದು. ಬ್ರೇಕ್ ಒತ್ತಿದಾಗಿನ 'ಕಿರ್‌ರ್' ಬ್ರೇಕ್ ಪ್ಯಾಡ್ ಸವೆದದ್ದು. ತೊಂದರೆಯೆಂದರೆ ಮೆಕ್ಯಾನಿಕ್ ಬಂದು ಕೂತ ಕೂಡಲೇ ಸದ್ದು ನಿಲ್ಲುತ್ತದೆ. ಬೆಳಗ್ಗೆ ತಣ್ಣನೆ ಎಂಜಿನ್ನಿನಲ್ಲಿ ಬಂದ ಸದ್ದು ಗ್ಯಾರೇಜು ಮುಟ್ಟುವಷ್ಟರಲ್ಲಿ ಎಂಜಿನ್ ಕಾದು ಮಾಯವಾಗಿರುತ್ತದೆ. ಸದ್ದಿನ ಸ್ವರಕ್ಕಿಂತ ಅದು ಯಾವಾಗ, ಯಾವ ವೇಗದಲ್ಲಿ, ಯಾವ ತಿರುವಿನಲ್ಲಿ ಬಂತು ಎಂಬುದನ್ನು ಹೇಳಿದರೆ ಮೆಕ್ಯಾನಿಕ್ಕಿಗೆ ಹೆಚ್ಚು ಅನುಕೂಲ. ಗಂಡಸರು ಇದನ್ನು ಹೇಳುವುದು ಅಪರೂಪ. ವೈದ್ಯರ ಮುಂದೆ ಕೂತು ರೋಗಲಕ್ಷಣ ಬಿಟ್ಟು ಮಾತ್ರೆಯ ಹೆಸರು ಹೇಳುವವರಂತೆ, "ಫ್ಯೂಯಲ್ ಪಂಪ್ ಚೇಂಜ್ ಮಾಡ್ಬಿಡಿ" ಎನ್ನುತ್ತಾರೆ. ಮೆಕ್ಯಾನಿಕ್ ಚೇಂಜ್ ಮಾಡುತ್ತಾನೆ. ತೊಂದರೆ ಉಳಿಯುತ್ತದೆ, ಬಿಲ್ಲೂ ಉಳಿಯುತ್ತದೆ.

ಮೆಕ್ಯಾನಿಕ್ಕಿನೊಡನೆ ಗಂಡಸರ ಸಂಬಂಧ ಸರಳವಲ್ಲ. ಅದರಲ್ಲಿ ಅಪನಂಬಿಕೆಯೂ ಇದೆ, ಭಕ್ತಿಯೂ ಇದೆ. ಅಪನಂಬಿಕೆಯ ಗುರುತು, ಬಿಚ್ಚಿದ ಹಳೆಯ ಪಾರ್ಟುಗಳನ್ನು ಕೇಳಿ ಪಡೆಯುವುದು. ಹೊಸದು ಹಾಕಿದ್ದು ನಿಜವೇ ಎಂದು ಖಾತ್ರಿಯಾಗಲು ಅದು ನ್ಯಾಯವಾದ ಮಾರ್ಗ. ಆದರೆ ಹಾಗೆ ಮನೆಗೆ ಬಂದ ಸವೆದ ಬ್ರೇಕ್ ಪ್ಯಾಡು, ಬೇರಿಂಗು, ಪ್ಲಗ್ಗುಗಳು ಅಟ್ಟದ ಮೇಲಿನ ಡಬ್ಬಿ ಸೇರಿ ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಎಸೆಯಲು ಮನಸ್ಸು ಬಾರದು, ಬಳಸಲು ಬಾರದು. ಭಕ್ತಿಯ ಗುರುತು 'ಕೈಗುಣ'ದ ಮಾತು. ಮನೆ ಪಕ್ಕದಲ್ಲೇ ಗ್ಯಾರೇಜಿದ್ದರೂ ಊರಾಚೆಯ ಹಳೇ ಮೇಸ್ತ್ರಿಯ ಬಳಿಗೇ ಹೋಗುವವರಿದ್ದಾರೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳನ್ನು ತಾವೇ ಸುತ್ತಿ, 'ಒರಿಜಿನಲ್' ಹೌದೋ 'ಲೋಕಲ್' ಹೌದೋ ಎಂದು ಪೊಟ್ಟಣ ತಿರುಗಿಸಿ ನೋಡಿ, ಕೊಂಡುಹೋಗಿ ಮೇಸ್ತ್ರಿಯ ಕೈಗಿಟ್ಟು ಪಕ್ಕದಲ್ಲೇ ನಿಲ್ಲುತ್ತಾರೆ. ಕೆಲಸ ಮುಗಿಯುವವರೆಗೂ ನಿಲ್ಲುತ್ತಾರೆ. ಮನೆಯ ಬೇರೆ ಯಾವ ಕೆಲಸಕ್ಕೂ ಇಷ್ಟು ಹೊತ್ತು ನಿಂತದ್ದನ್ನು ಮನೆಯವರು ಕಂಡಿರುವುದಿಲ್ಲ. ಅದಕ್ಕೆ ಮೇಸ್ತ್ರಿಗಳು ಕಂಡುಕೊಂಡ ಉಪಾಯವೂ ಹಳೆಯದೇ: "ಸಾರ್, ಸ್ವಲ್ಪ ಈ ಲೈಟ್ ಹಿಡ್ಕೊಳ್ಳಿ."

ಡ್ಯಾಶ್‌ಬೋರ್ಡಿನಲ್ಲಿ ಹತ್ತುವ ಹಳದಿ ಎಂಜಿನ್ ದೀಪ ಹೊಸ ಕಾಲದ ಕೂಸು. ಅಮೆರಿಕದಲ್ಲಿ 1996ರ ಮಾಡೆಲ್ಲಿನಿಂದ ಎಲ್ಲ ಕಾರುಗಳಿಗೂ, ಆಮೇಲೆ ನಮ್ಮಲ್ಲೂ, ದೋಷವನ್ನು ಕಾರಿನ ಕಂಪ್ಯೂಟರೇ ಗುರುತಿಸಿ ಸಂಕೇತಾಕ್ಷರದಲ್ಲಿ ಬರೆದಿಡುವ ಒಬಿಡಿ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ನಿಯಮದ ಕಾರುಗಳಲ್ಲಿ ಈ ಕಾವಲು ಇನ್ನೂ ಬಿಗಿ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಪುಟ್ಟ ಬ್ಲೂಟೂತ್ ಯಂತ್ರ ಸಿಕ್ಕಿಸಿದರೆ ಮೊಬೈಲಿನಲ್ಲಿ ಸಂಕೇತ ಕಾಣುತ್ತದೆ. ಯಂತ್ರ ಅಗ್ಗ, ಆದ್ದರಿಂದ ಬಾನೆಟ್ ಎತ್ತುವವರ ಮುಂದಿನ ತಲೆಮಾರು ಇದನ್ನು ಕೊಂಡಿದೆ. ಆದರೆ ಸಂಕೇತ ಹೇಳುವುದು ಎಲ್ಲಿ ಅಸಹಜ ಕಂಡಿತು ಎಂಬುದನ್ನೇ ಹೊರತು ಯಾವ ಪಾರ್ಟು ಹೋಗಿದೆ ಎಂಬುದನ್ನಲ್ಲ. ಪಿ0171 ಎಂದರೆ ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ ಅರ್ಥ. ಎಲ್ಲೋ ಒಂದು ರಬ್ಬರ್ ಕೊಳವೆ ಸೀಳಿ ಗಾಳಿ ನುಗ್ಗುತ್ತಿರಬಹುದು, ಪಂಪು ಸೊರಗಿರಬಹುದು, ಸೆನ್ಸರಿಗೆ ಧೂಳು ಹಿಡಿದಿರಬಹುದು. ಅಷ್ಟು ಹುಡುಕುವ ತಾಳ್ಮೆಯಿಲ್ಲದವರು ಆಕ್ಸಿಜನ್ ಸೆನ್ಸರ್ ತರಿಸಿ ಹಾಕುತ್ತಾರೆ. ಅದಕ್ಕಿಂತ ಸುಲಭದ ದಾರಿ ಮೊಬೈಲಿನಲ್ಲೇ ಸಂಕೇತ ಅಳಿಸಿಬಿಡುವುದು. ದೀಪ ಆರುತ್ತದೆ, ಸಮಾಧಾನವಾಗುತ್ತದೆ, ಕೆಲ ದಿನಕ್ಕೆ ದೀಪ ಮತ್ತೆ ಹತ್ತುತ್ತದೆ. ಸ್ಟಾರ್ಟರಿಗೆ ಸ್ಪ್ಯಾನರಿನಿಂದ ತಟ್ಟುತ್ತಿದ್ದ ಅಪ್ಪನ ಮಗ ಈಗ ತೆರೆಯ ಮೇಲೆ ತಟ್ಟುತ್ತಿದ್ದಾನೆ.

ವಿದ್ಯುತ್ ಕಾರಿನಲ್ಲಿ ಈ ಪಟ್ಟಿಯ ಬಹುಭಾಗಕ್ಕೆ ಜಾಗವೇ ಇಲ್ಲ. ಪ್ಲಗ್ಗಿಲ್ಲ, ಜೆಟ್ಟಿಲ್ಲ, ಆಯಿಲ್ ಕಡ್ಡಿಯಿಲ್ಲ, ತಳ್ಳಿದರೆ ಹತ್ತುವ ಎಂಜಿನ್ನಿಲ್ಲ. ಬೆಂಗಳೂರಿನಲ್ಲೇ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ರೇವಾ ಕಾರು ಈ ಬದಲಾವಣೆಯನ್ನು ನಗರದ ಬೀದಿಗೆ ಮೊದಲೇ ತಂದಿತ್ತು. ಈಗಿನ ವಿದ್ಯುತ್ ಕಾರುಗಳಲ್ಲಿ ಬಾನೆಟ್ ಎತ್ತಿದರೆ ಕಾಣುವ ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ನೂರಾರು ವೋಲ್ಟ್ ಹರಿಯುತ್ತಿರುತ್ತದೆ. ಅವನ್ನು ಅಲುಗಾಡಿಸುವುದು ಸಾವಿನ ಜೊತೆ ಆಟ. ಆದರೂ ಈ ಕಾರುಗಳ ಒಳಗೂ ಹಳೆಯದೊಂದು ಉಳಿದಿದೆ. ದೀಪ, ಬೀಗ, ಕಂಪ್ಯೂಟರುಗಳನ್ನು ನಡೆಸಲು ದೊಡ್ಡ ಬ್ಯಾಟರಿಯ ಜೊತೆಗೆ ಸಾಮಾನ್ಯವಾಗಿ 12 ವೋಲ್ಟಿನ ಚಿಕ್ಕ ಬ್ಯಾಟರಿಯೊಂದು ಇರುತ್ತದೆ. ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಈ ಚಿಕ್ಕದು ಇಳಿದರೆ ಕಾರು ಎಚ್ಚರಗೊಳ್ಳುವುದಿಲ್ಲ. ಅದಕ್ಕೆ ಪರಿಹಾರ, ಕಾರಿನ ಕೈಪಿಡಿ ತೋರಿಸಿದ ಜಾಗದಲ್ಲಿ ಇನ್ನೊಂದು 12 ವೋಲ್ಟ್ ಬ್ಯಾಟರಿಯಿಂದ ಜಂಪರ್ ಕೇಬಲ್ ಕೊಡುವುದು, ಇಲ್ಲವೇ ಸಡಿಲವಾದ ಟರ್ಮಿನಲ್ಲಿನ ಬಿಳಿ ಹುಡಿ ಒರೆಸಿ ಬಿಗಿಯುವುದು. ಅಂಬಾಸಿಡರ್ ಕಾಲದವರಿಗೆ ಈ ಒಂದು ಕೆಲಸವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.